ಉಪ್ಪು ನೋಡುವ ಕೆಲಸ

1976ರ ಡಿಸೆಂಬರ್ 26, ಭಾನುವಾರ, ಕಡಬದಿಂದ ನೆಲ್ಯಾಡಿ ಕಡೆಗೆ ಹೋಗುವ ದಾರಿಯ ಒಂದು ಊಟದ ಹೋಟೆಲಿನಲ್ಲಿ ಹಂದಿಮಾಂಸದ ಒಂದೇ ಪಾತ್ರೆಗೆ ಮೂರು ಸಲ ಉಪ್ಪು ಬಿತ್ತು. ಅದು ಕ್ರಿಸ್‌ಮಸ್ಸಿನ ಮರುದಿನ. ಇಪ್ಪತ್ತೈದು ದಿನ ಮಾಂಸ ಬಿಟ್ಟು ನೋಂಬು ಮುಗಿಸಿದ ಕುಟುಂಬಗಳು ಇಗರ್ಜಿಯಿಂದ ನೇರ ಅಲ್ಲಿಗೆ ಬಂದಿದ್ದವು. ಬೆಂಚು ಸಾಲದೆ ಕೆಲವರು ಅಂಗಳದ ಹಲಸಿನ ಮರದ ಬೇರಿನ ಮೇಲೆ ತಟ್ಟೆ ಹಿಡಿದು ಕುಳಿತಿದ್ದರು. ಮೊದಲ ತುತ್ತಿಗೆ ಯಾರೂ ಏನೂ ಹೇಳಲಿಲ್ಲ. ಎರಡನೆಯ ತುತ್ತಿಗೆ ಒಬ್ಬರು ನೀರು ಕೇಳಿದರು. ಮೂರನೆಯದಕ್ಕೆ ಎಲ್ಲರೂ ಕೇಳಿದರು.

ನಾನು ಆಗ ಪುತ್ತೂರಿನಲ್ಲಿ ಒಂದು ದಿನಪತ್ರಿಕೆಯ ಬಾತ್ಮೀದಾರನಾಗಿದ್ದೆ. ಬಾಡಿಗೆಗೆ ಕೋಣೆ ಕೊಟ್ಟ ಯಜಮಾನರು ಮೊಟ್ಟೆಯ ಸಿಪ್ಪೆಯನ್ನೂ ಜಗಲಿ ಹತ್ತಗೊಡದವರು. ಹಾಗಾಗಿ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ, ಕಡಬದ ಸುದ್ದಿ ನೋಡಿಕೊಂಡು ಬರುತ್ತೇನೆ ಎಂದು ಹೇಳಿ ಹೊರಡುತ್ತಿದ್ದೆ. ಸುದ್ದಿಯನ್ನೂ ನೋಡುತ್ತಿದ್ದೆ.

ಹೋಟೆಲಿಗೆ ಬೋರ್ಡು ಇರಲಿಲ್ಲ. ಮುಳಿಹುಲ್ಲಿನ ಮಾಡು, ನಾಲ್ಕು ಬೆಂಚು, ಎರಡು ಉದ್ದನೆಯ ಮೇಜು, ಹಿಂದೆ ಅಂಗಳ, ಅಂಗಳದಾಚೆ ಅಡುಗೆಯ ಚಾವಡಿ. ಅದನ್ನು ಕಟ್ಟಿದವರು ಕೇರಳದಿಂದ ಬಂದು ಗುಡ್ಡದಲ್ಲಿ ರಬ್ಬರು ಹಾಕಿದ ಗಂಡಹೆಂಡತಿ. ಊರಿನವರು ಗಂಡನನ್ನು ಚೇಟ್ಟ ಎಂದೂ ಹೆಂಡತಿಯನ್ನು ಚೇಡತ್ತಿ ಎಂದೂ ಕರೆಯುತ್ತಿದ್ದರು. ಅಣ್ಣ, ಅತ್ತಿಗೆ ಎನ್ನುವ ಹಾಗೆ. ಮೊದಲು ಅಡುಗೆ ಮಾಡುತ್ತಿದ್ದದ್ದು ಚೇಟ್ಟ. ಬಡಿಸುತ್ತಿದ್ದದ್ದು ಚೇಡತ್ತಿ. ಆ ವರ್ಷದ ಮಾರ್ಚಿನಲ್ಲಿ, ರಬ್ಬರು ಗಿಡ ನೆಡಲು ಗುಡ್ಡ ಸವರುವಾಗ, ಕಡಿದುರುಳಿಸಿದ ಮರದ ದಿಮ್ಮಿ ಜಾರಿ ಚೇಟ್ಟನ ಎರಡೂ ಕಾಲಿನ ಮೇಲೆ ಬಂತು. ಮಂಗಳೂರಿನ ಆಸ್ಪತ್ರೆಯಲ್ಲಿ ನಾಲ್ಕು ತಿಂಗಳು ಇದ್ದರು. ಕಾಲು ಉಳಿಯಿತು. ನಡೆಯಲು ಆಗುವುದೋ ಇಲ್ಲವೋ ಹೇಳಲಾರೆವು ಎಂದು ಡಾಕ್ಟರು ಹೇಳಿ ಕಳಿಸಿದರು. ಮನೆಯಿದ್ದದ್ದು ಹೋಟೆಲಿನ ಹಿಂದಿನ ಗುಡ್ಡದ ತಲೆಯಲ್ಲಿ. ಮುರಕಲ್ಲಿನಲ್ಲಿ ಕಡಿದ ಐವತ್ತೆಂಟು ಮೆಟ್ಟಿಲು. ನಾನು ಎಣಿಸಿದ್ದೇನೆ. ಅವರನ್ನು ಮಂಚದ ಸಮೇತ ಮೇಲಕ್ಕೆ ಹೊತ್ತು ಹಾಕಿದರು. ಕೆಳಗಿನ ಒಲೆಗೆ ಚೇಡತ್ತಿ ನಿಂತರು.

ಚೇಡತ್ತಿ ಆಸ್ಪತ್ರೆಯಲ್ಲೇ ಒಂದು ಹರಕೆ ಹೇಳಿಕೊಂಡಿದ್ದರು. ಆ ಮಾತು ನಾನು ಕೇಳಿದ್ದಲ್ಲ. ಅವರೇ ಹೇಳಿದ್ದನ್ನು ಬರೆಯುತ್ತಿದ್ದೇನೆ. ಗಂಡ ಯಾರ ಕೈಯನ್ನೂ ಹಿಡಿಯದೆ ತನ್ನ ಕಾಲಲ್ಲಿ ನಡೆದು ಹೋಟೆಲಿನ ಒಲೆಯ ಹತ್ತಿರ ಬರುವವರೆಗೆ ತಾನು ಮಾಂಸ ಬಾಯಿಗೆ ಹಾಕುವುದಿಲ್ಲ. ಹೀಗೆ, ಐದಾರು ಮೈಲಿ ಸುತ್ತಳತೆಯಲ್ಲಿ ಹಂದಿಮಾಂಸಕ್ಕೆ ಹೆಸರಾದ ಹೋಟೆಲಿನಲ್ಲಿ ಅಡುಗೆಯವರು ತಾವು ಮಾಡಿದ ಸಾರಿನ ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸದವರಾದರು.

ಬೇಯುವುದನ್ನು ಅವರು ಕಿವಿಯಿಂದ ತಿಳಿಯುತ್ತಿದ್ದರು. ಕೊಬ್ಬು ಕರಗುವ ಸದ್ದು ಬೇರೆ, ನೀರು ಆರುವ ಸದ್ದು ಬೇರೆ ಎನ್ನುತ್ತಿದ್ದರು. ಖಾರ ಮೂಗಿಗೆ ಗೊತ್ತಾಗುತ್ತಿತ್ತು. ಉಪ್ಪು ಮಾತ್ರ ಕಿವಿಗೂ ಇಲ್ಲ, ಮೂಗಿಗೂ ಇಲ್ಲ. ಕಲ್ಲುಪ್ಪು ಕರಗಿಸಿದ ನೀರನ್ನು ತೆಂಗಿನ ಗೆರಟೆಯಲ್ಲಿ ಅಳೆದು ಹಾಕುತ್ತಿದ್ದರು. ಆದರೆ ಕಲ್ಲುಪ್ಪು ಪ್ರತಿ ಸಲ ಒಂದೇ ಹದದಲ್ಲಿ ಕರಗುವುದಿಲ್ಲ. ಹಾಗಾಗಿ ಮೊದಲು ಬಂದ ಗಿರಾಕಿಯನ್ನು ಒಳಗೆ ಕರೆದು ಅಂಗೈಗೆ ಒಂದು ಹನಿ ಬಿಟ್ಟು ಉಪ್ಪು ನೋಡಿಸುವುದು ರೂಢಿಯಾಯಿತು.

ಆ ಭಾನುವಾರ ಮೊದಲು ಬಂದವರು ಐವರ್ನಾಡಿನ ಗೌಡರು. ಅರುವತ್ತರ ಹತ್ತಿರದವರು, ಅಡಿಕೆ ತೋಟದವರು. ಮಗಳನ್ನು ಕಡಬದ ಹತ್ತಿರ ಕೊಟ್ಟಿದ್ದರು. ಎರಡು ವಾರಕ್ಕೊಮ್ಮೆ ಮಗಳನ್ನು ನೋಡಲು ಬರುತ್ತಿದ್ದರು. ಮಗಳಿಗಿಂತ ಮೊದಲು ಹಂದಿಯನ್ನು ನೋಡುತ್ತಾರೆ ಎಂದು ಊರು ನಗುತ್ತಿತ್ತು. ಚೇಡತ್ತಿ ಸೌಟಿನ ತುದಿಯಿಂದ ಅವರ ಅಂಗೈಗೆ ಹನಿ ಬಿಟ್ಟರು. ಗೌಡರು ನೆಕ್ಕಿ, ಕಣ್ಣು ಮುಚ್ಚಿ, ಬಾಯಿ ಚಪ್ಪರಿಸಿದರು.

“ಹೇಗುಂಟು?”

“ಮೆಣಸು ಉಂಟು. ಕೊಬ್ಬು ಉಂಟು. ಉಪ್ಪು ಎಲ್ಲಿ ಚೇಡತ್ತೀ?”

“ಒಂದು ಗೆರಟೆ ಹಾಕಿದ್ದೇನೆ.”

“ಹಾಕಿದ್ದು ನಿಮಗೆ ಗೊತ್ತು. ನನ್ನ ನಾಲಿಗೆಗೆ ಯಾರೂ ಹೇಳ್ಲಿಲ್ಲ.”

ಇನ್ನೊಂದು ಗೆರಟೆ ಬಿತ್ತು. ಅನುಮಾನದಿಂದ ಚೇಡತ್ತಿ ಎರಡನೆಯವರನ್ನು ಕರೆದರು. ಅವರು ನಮ್ಮ ಬಸ್ಸಿನ ಡ್ರೈವರು. ಊಟಕ್ಕೆಂದು ಬಸ್ಸನ್ನು ಅಲ್ಲಿ ಕಾಲು ಗಂಟೆ ನಿಲ್ಲಿಸುವುದನ್ನು ಪ್ರಯಾಣಿಕರು ಒಪ್ಪಿಕೊಂಡಿದ್ದರು. ಅವರಲ್ಲೂ ಅರ್ಧ ಮಂದಿ ಉಣ್ಣುವವರೇ. ಡ್ರೈವರು ನೆಕ್ಕಿ, “ಗೌಡ್ರು ಹೇಳಿದ್ದು ಸಮ. ಸಪ್ಪೆ” ಎಂದರು. ಮೂರನೆಯ ಗೆರಟೆ ಬಿತ್ತು.

ತಪ್ಪು ಎಲ್ಲಾಯಿತೆಂದು ನಾನು ಆಮೇಲೆ ವಿಚಾರಿಸಿದೆ. ಗೌಡರು ಒಳಗೆ ಹೋಗುವ ಮೊದಲು ಬಾಯಿಯ ಎಲೆಯಡಿಕೆಯನ್ನು ಉಗುಳಿ ಹೋಗಿದ್ದರು. ಡ್ರೈವರು ಅದನ್ನೂ ಮಾಡಿರಲಿಲ್ಲ. ದವಡೆಯ ಮೂಲೆಗೆ ಒತ್ತಿಟ್ಟುಕೊಂಡೇ ನೆಕ್ಕಿದ್ದರು. ಸುಣ್ಣ, ಹೊಗೆಸೊಪ್ಪು, ಹಸಿ ಅಡಿಕೆಯ ಚೊಗರಿನಲ್ಲಿ ಮರಗಟ್ಟಿದ ನಾಲಿಗೆಗೆ ಉಪ್ಪು ತಿಳಿಯುವುದಿಲ್ಲ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಎಲ್ಲರ ನಾಲಿಗೆಯೂ ಹಾಗೇ ಇದ್ದದ್ದರಿಂದ ಯಾರಿಗೂ ಹೊಳೆದಿರಲಿಲ್ಲ.

ಚೇಡತ್ತಿ ಅಳಲಿಲ್ಲ, ಬೈಯಲಿಲ್ಲ. ಸಂಜೆಗೆಂದು ಇಟ್ಟಿದ್ದ ಎರಡು ಬುಟ್ಟಿ ಮರಗೆಣಸನ್ನು ಉಪ್ಪಿಲ್ಲದೆ ಬೇಯಿಸಿದರು, ತೆಂಗಿನಕಾಯಿ ತುರಿ ಹಾಕಿ ಜಜ್ಜಿದರು, ಎಲ್ಲವನ್ನೂ ಮಾಂಸವಿದ್ದ ಅಗಲ ಬಾಯಿಯ ಕಂಚಿನ ಪಾತ್ರೆಗೆ, ಉರುಳಿಗೆ, ಸುರಿದು ಇಬ್ಬರು ಗಂಡಸರಿಂದ ಮರದ ಹುಟ್ಟಿನಲ್ಲಿ ತಿರುವಿಸಿದರು. ಮತ್ತೆ ಬಡಿಸಿದರು. ಮಾಂಸ ಯಾವುದು, ಗೆಣಸು ಯಾವುದು ಎಂದು ಹೇಳುವ ಹಾಗಿರಲಿಲ್ಲ. ಜನ ಉಂಡರು. ಬಾವಿಯ ರಾಟೆ ಮೂರು ಗಂಟೆಯವರೆಗೆ ನಿಲ್ಲಲಿಲ್ಲ. ಬಸ್ಸು ಐವತ್ತು ನಿಮಿಷ ತಡವಾಗಿ ಪುತ್ತೂರು ಮುಟ್ಟಿತು. ದಾರಿಯಲ್ಲಿ ಡ್ರೈವರು ಎರಡು ಕಡೆ ನಿಲ್ಲಿಸಿ ನೀರು ಕುಡಿದರು.

ಮುಂದಿನ ಭಾನುವಾರ ನಾನು ಒಳಗೆ ಕಾಲಿಟ್ಟಾಗ ಚೇಡತ್ತಿ ಚಾವಡಿಯ ಬಾಗಿಲಲ್ಲಿ ನಿಂತಿದ್ದರು.

“ಪೇಪರಿನವರೆ, ಬಾಯಿ ಕಳೆಯಿರಿ.”

ನಾನು ಬಾಯಿ ತೆರೆದೆ. ಹಲ್ಲು ಬೆಳ್ಳಗಿತ್ತು. ನಾನು ಎಲೆಯಡಿಕೆ ಹಾಕುವವನಲ್ಲ.

“ಬೀಡಿ?”

“ಇಲ್ಲ.”

“ಕಳ್ಳು?”

“ಊಟದ ಮೊದಲು ಇಲ್ಲ.”

“ಸಾಕು. ಇನ್ನು ನೀವೇ. ಬೇರೆಯವರ ನಾಲಿಗೆ ನನಗೆ ಬೇಡ.”

ಹಿಂದಿನಿಂದ ಗೌಡರು, “ಅಡಿಕೆಯ ಸೀಮೆಯಲ್ಲಿ ಅಡಿಕೆ ಹಾಕದವನಿಗೆ ಹೆಣ್ಣು ಕೊಡುದಿಲ್ಲ ಅಂತ ಕೇಳಿದ್ದೆ. ಉರುಳಿಯನ್ನೇ ಕೊಟ್ರಲ್ಲ!” ಎಂದರು.

ಅಂದಿನಿಂದ ಏಳು ವರ್ಷಕ್ಕೂ ಹೆಚ್ಚು ಕಾಲ, ನಾನು ಊರಲ್ಲಿದ್ದ ಭಾನುವಾರಗಳಲ್ಲೆಲ್ಲ, ಉಪ್ಪು ನೋಡುವ ಕೆಲಸ ನನ್ನದಾಯಿತು. ಉಳಿದ ದಿನಗಳಲ್ಲಿ ಚೇಡತ್ತಿ ನಾನು ಒಪ್ಪಿದ ಅಳತೆಯನ್ನೇ ಹಿಡಿಯುತ್ತಿದ್ದರು. ಅದಕ್ಕೊಂದು ಕ್ರಮವಿತ್ತು. ಬಸ್ಸಿಳಿದು ಕೈಕಾಲು ತೊಳೆದು, ಬಿಸಿನೀರಲ್ಲಿ ಬಾಯಿ ಮುಕ್ಕಳಿಸಬೇಕು. ಚಾವಡಿಯ ಒಳಗೆ ಚಪ್ಪಲಿ ಇಲ್ಲ. ಎಡ ಅಂಗೈಗೆ ಹನಿ. ನೆಕ್ಕಿ, ಹತ್ತು ಎಣಿಸಿ, ಹೇಳಬೇಕು. ‘ಸರಿ’, ‘ಕಡಿಮೆ’, ‘ಹೆಚ್ಚು’, ಈ ಮೂರೇ ಮಾತು. ಒಮ್ಮೆ ನಾನು “ಪರವಾಗಿಲ್ಲ” ಎಂದೆ. “ಪರವಾಗಿಲ್ಲ ಅಂತ ಪೇಪರಿನಲ್ಲಿ ಬರೀತೀರಾ?” ಎಂದು ಕೇಳಿದರು. ಆಮೇಲೆ ಆ ಮಾತು ಹೇಳಲಿಲ್ಲ.

ಊಟದ ಬಗ್ಗೆ ಹೇಳಬೇಕು. ಭಾನುವಾರದ ಹಂದಿಗೆ ದೊಡ್ಡ ದೊಡ್ಡ ತುಂಡು. ಒಂದೊಂದರಲ್ಲೂ ತೊಗಲು, ಕೊಬ್ಬು, ಮಾಂಸ ಮೂರೂ ಇರಬೇಕು. ಹಿಂದಿನ ದಿನವೇ ಕಾಳುಮೆಣಸು, ಅರಿಸಿನ, ಶುಂಠಿ, ಬೆಳ್ಳುಳ್ಳಿ ಅರೆದು ಹಚ್ಚಿಡುತ್ತಿದ್ದರು. ಹುಳಿಗೆ ಕಳ್ಳಿನಿಂದ ಮಾಡಿದ ವಿನೆಗರು. ತೆಂಗಿನಕಾಯಿಯನ್ನು ತುರಿಯದೆ ಉಗುರಿನಷ್ಟು ಚೂರು ಮಾಡಿ, ಅದೇ ಕೊಬ್ಬಿನಲ್ಲಿ ಕೆಂಪಗೆ ಹುರಿದು ಕೊನೆಗೆ ಹಾಕುತ್ತಿದ್ದರು. ನೀರುಳ್ಳಿ ಚಿಕ್ಕದು, ಇಡಿಯಾದದ್ದು. ಉರುಳಿಯ ಅಡಿ ಹಿಡಿಯುವ ಕ್ಷಣದ ಒಂದು ಮಿನಿಟು ಮೊದಲು ಇಳಿಸಬೇಕು. ಆ ಮಿನಿಟನ್ನು ಅವರು ಕಿವಿಯಿಂದಲೇ ಹಿಡಿಯುತ್ತಿದ್ದರು. ಮಾತಾಡುತ್ತಿದ್ದವರನ್ನು ಕೈಯೆತ್ತಿ ಸುಮ್ಮನಾಗಿಸುತ್ತಿದ್ದರು. ಜೊತೆಗೆ ಕುಚ್ಚಲಕ್ಕಿ ಅನ್ನ ಅಥವಾ ಮರಗೆಣಸು, ಜೀರಿಗೆ ಮೆಣಸು ಜಜ್ಜಿದ ಚಟ್ನಿ, ನೀರು ಮಜ್ಜಿಗೆ. ಮೇಜಿನ ಮೇಲೆ ನಿಂಬೆ ಉಪ್ಪಿನಕಾಯಿಯ ಭರಣಿ, ಒಂದು ಬಟ್ಟಲು ಉಪ್ಪು. ವಾರದ ನಡುವೆ ಬಂದರೆ ಎಲುಬು ಹಾಕಿ ಬೇಯಿಸಿದ ಮರಗೆಣಸು ಸಿಗುತ್ತಿತ್ತು. ಶುಕ್ರವಾರ ಚೇಡತ್ತಿ ಮಾಂಸ ಮಾಡುತ್ತಿರಲಿಲ್ಲ. ಸೋಮವಾರ ಮಾಡಿದರೆ ಸುತ್ತಲಿನ ತೋಟದವರು ತಿನ್ನುತ್ತಿರಲಿಲ್ಲ. ಹೀಗೆ ದೇವರುಗಳಿಗೆಲ್ಲ ಪಾಲು ಹೋಗಿ ಉಳಿದ ದಿನಗಳಲ್ಲಿ ಹೋಟೆಲು ನಡೆಯುತ್ತಿತ್ತು.

“ನಮ್ಮ ಸುಳ್ಯದ ಕಡೆ ಹಂದಿಗೆ ಕಾಚಂಪುಳಿ ಹಾಕದಿದ್ರೆ ಹಂದಿಗೇ ಬೇಜಾರಾಗ್ತದೆ” ಎಂದು ಗೌಡರು ಪ್ರತಿ ಸಲ ಹೇಳುತ್ತಿದ್ದರು. “ಆ ಕಪ್ಪು ಹುಳಿ ಇಲ್ಲದೆ ಇದೆಂಥ ಹಂದಿ!”

“ಹಾಗಾದ್ರೆ ಐವರ್ನಾಡಿನಲ್ಲೇ ಉಣ್ಣಿ” ಎಂದು ಚೇಡತ್ತಿ ಎರಡನೆಯ ಸೌಟು ಹಾಕುತ್ತಿದ್ದರು.

“ಅಲ್ಲಿ ಮಗಳಿಲ್ಲವಲ್ಲ.”

“ಮಗಳ ಮನೆಗೆ ಇನ್ನೂ ಹೋಗಿಲ್ಲ ನೀವು.”

“ಹೊಟ್ಟೆ ಖಾಲಿ ಇಟ್ಟುಕೊಂಡು ಮಗಳನ್ನು ನೋಡ್ಲಿಕ್ಕೆ ಹೋದ್ರೆ ಅವಳಿಗೆ ಅಡುಗೆಯ ಕಷ್ಟ ಕೊಟ್ಟ ಹಾಗೆ ಆಗುದಿಲ್ವಾ?”

ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಚೇಡತ್ತಿ ಒಂದು ಮುಚ್ಚಿದ ಪಾತ್ರೆ ಹಿಡಿದು ಐವತ್ತೆಂಟು ಮೆಟ್ಟಿಲು ಹತ್ತುತ್ತಿದ್ದರು. ಚೇಟ್ಟ ಉಣ್ಣುತ್ತಿದ್ದರು. ತೀರ್ಪು ಇಳಿದು ಬರುತ್ತಿತ್ತು. ತೀರ್ಪು ಯಾವಾಗಲೂ ಒಂದೇ: ಉಪ್ಪು ಕಡಿಮೆ. ಅಷ್ಟರಲ್ಲಿ ಕೆಳಗೆ ಉರುಳಿ ಖಾಲಿ. ಅಲ್ಲದೆ ಚೇಡತ್ತಿ ಅದನ್ನು ನಂಬಲಿಲ್ಲ. “ಅವರದ್ದು ಮದ್ದಿನ ಬಾಯಿ” ಎನ್ನುತ್ತಿದ್ದರು. “ಆರು ತಿಂಗಳು ಗುಳಿಗೆ ನುಂಗಿದವರಿಗೆ ಸಮುದ್ರವೂ ಸಪ್ಪೆ. ಪೇಪರಿನವರು ಸರಿ ಅಂದ ಮೇಲೆ ಸರಿ.”

ಮೊದಲ ವರ್ಷ ಅವರನ್ನು ನೋಡಲು ನಾನು ಗುಡ್ಡ ಹತ್ತಿದೆ. ಚೇಟ್ಟ ಕಿಟಕಿಯ ಪಕ್ಕದ ಮಂಚದಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದರು. ಅಗಲ ಎದೆಯ, ದೊಡ್ಡ ಕೈಯ ಮನುಷ್ಯ. ಕಿಟಕಿಯಿಂದ ಅಡುಗೆಯ ಚಾವಡಿಯ ಮಾಡು ಕಾಣುತ್ತಿತ್ತು, ಹೊಗೆ ಕಾಣುತ್ತಿತ್ತು, ಒಲೆ ಕಾಣುತ್ತಿರಲಿಲ್ಲ.

“ಹೋದ ವಾರದ್ದು ಉಪ್ಪು ಕಡಿಮೆ” ಎಂದರು. ನಮಸ್ಕಾರವೂ ಆಗಿರಲಿಲ್ಲ.

“ನಾನೇ ನೋಡಿ ಸರಿ ಎಂದದ್ದು.”

“ಅದನ್ನೇ ಹೇಳಿದ್ದು.”

ಆಮೇಲೆ ನಕ್ಕರು. ಕುಳಿತುಕೊಳ್ಳಲು ಹೇಳಿದರು. ಸ್ವಲ್ಪ ಹೊತ್ತು ರಬ್ಬರಿನ ಮಾತಾಡಿದೆವು. ಇದ್ದಕ್ಕಿದ್ದಂತೆ ಅವರೇ ಹರಕೆಯ ಮಾತೆತ್ತಿದರು.

“ಅವಳು ಸಣ್ಣದಿರುವಾಗ ಅಪ್ಪನ ತಟ್ಟೆಯಿಂದ ತೊಗಲಿನ ತುಂಡು ಕದ್ದು ತಿಂದವಳು. ಮದುವೆಯಾದ ಮೇಲೆ ನನ್ನ ತಟ್ಟೆಯಿಂದ. ನಾನು ಗೊತ್ತಿಲ್ಲದ ಹಾಗೆ ಆಚೆ ನೋಡುದು. ಈಗ ನನಗೆ ಮಾಂಸ ಬಡಿಸಿ ಅವಳು ಎದುರು ಕೂತು ಗಂಜಿ, ಹೆಸರುಕಾಳು ತಿನ್ನುದು. ನಾನು ಹೇಗೆ ನುಂಗುದು, ಹೇಳಿ. ನನ್ನ ಕಾಲಿಗೆ ಅವಳ ನಾಲಿಗೆಯನ್ನು ಕಟ್ಟಿ ಹಾಕಿದ್ದಾಳೆ, ಪೇಪರ್ ಸಾರ್. ನಾನು ನಡೆಯದಿದ್ರೆ ಅದು ಬಿಚ್ಚುದಿಲ್ಲ.”

ಇಗರ್ಜಿಯ ಯುವಕರು ಕುರ್ಚಿಗೆ ಬಿದಿರು ಕಟ್ಟಿ ಹೊತ್ತು ತರುತ್ತೇವೆ ಎಂದು ಒಂದು ಸಲ ಮುಂದೆ ಬಂದರು. ಒಲೆಯ ಪಕ್ಕ ಕುಳಿತು ಉಪ್ಪಾದರೂ ನೋಡಬಹುದಲ್ಲ ಎಂಬುದು ಅವರ ಲೆಕ್ಕ. ಚೇಟ್ಟ ಒಪ್ಪಲಿಲ್ಲ. “ನಾಲ್ಕು ಜನ ಹೊರುವ ದಿನ ಹೇಗೂ ಬರ್ತದೆ. ಈಗಲೇ ಅಭ್ಯಾಸ ಬೇಡ” ಎಂದರು. ಪಾದ್ರಿಗಳೂ ಒಂದು ದಿನ ಊಟಕ್ಕೆ ಬಂದವರು ಚೇಡತ್ತಿಗೆ ಹೇಳಿದರು. ಆಗ ನಾನು ಪಕ್ಕದ ಬೆಂಚಿನಲ್ಲಿದ್ದೆ.

“ಹರಕೆಯನ್ನು ಸಡಿಲ ಮಾಡ್ಲಿಕ್ಕೆ ಆಗ್ತದೆ ಚೇಡತ್ತಿ. ಅದರ ಬದಲು ಒಂದು ಉಪಕಾರದ ಕೆಲಸ ಮಾಡಿದ್ರೆ ಆಯ್ತು. ದೇವರು ನಿಮ್ಮ ಬಾಯಿ ಕಟ್ಟಬೇಕು ಅಂತ ಕೇಳಿಲ್ಲ.”

“ಅಚ್ಚಾ,” ಎಂದರು ಚೇಡತ್ತಿ. ಪಾದ್ರಿಗಳನ್ನು ಅವರು ಕರೆಯುತ್ತಿದ್ದದ್ದೇ ಹಾಗೆ. “ದಿಮ್ಮಿ ಅವರ ಕಾಲನ್ನು ಸಡಿಲ ಮಾಡಿ ಇಟ್ಟಿದೆ. ಇದೊಂದಾದ್ರೂ ಗಟ್ಟಿ ಇರಲಿ. ಇನ್ನೊಂದು ತುಂಡು ಹಾಕಲಾ?”

ಪಾದ್ರಿಗಳು ತಟ್ಟೆ ಮುಂದೆ ಮಾಡಿದರು.

ವರ್ಷಗಳು ಹೀಗೆ ಹೋದವು. 1979ರಲ್ಲಿ ಚೇಟ್ಟ ಎದ್ದು ನಿಂತರು. 1981ರ ಹೊತ್ತಿಗೆ ಎರಡು ಊರುಗೋಲಿನಲ್ಲಿ ಮನೆಯೊಳಗೆ ತಿರುಗುತ್ತಿದ್ದರು. ಹೋಟೆಲಿನ ಮುಳಿಹುಲ್ಲು ಹೋಗಿ ಹಂಚು ಬಂತು. ಗೌಡರಿಗೆ ಮೊಮ್ಮಗಳು ಹುಟ್ಟಿದಳು. ಬರುವುದಕ್ಕೆ ಇನ್ನೊಂದು ಕಾರಣ ಸಿಕ್ಕಿತು. ಅವರು ತಟ್ಟೆ ಬಂದ ಕೂಡಲೇ ಮೇಜಿನ ಬಟ್ಟಲಿನಿಂದ ಒಂದು ಚಿಟಿಕೆ ಉಪ್ಪು ಉದುರಿಸಿಕೊಳ್ಳುತ್ತಿದ್ದರು. ಎಲೆಯಡಿಕೆಯ ನಾಲಿಗೆ ಎಂದು ನಾನು ಬರೆದಿಟ್ಟುಕೊಂಡೆ. ಡ್ರೈವರು ಉಪ್ಪಿನಕಾಯಿಯನ್ನು ಮಾಂಸಕ್ಕೇ ಕಲಸುತ್ತಿದ್ದರು. ಅದೂ ಅಭ್ಯಾಸ ಎಂದುಕೊಂಡೆ. ಉಪ್ಪಿನ ಬಟ್ಟಲನ್ನು ಭಾನುವಾರ ಎರಡು ಸಲ ತುಂಬಿಸುತ್ತಿದ್ದರು. ಅದನ್ನು ನಾನು ಗಮನಿಸಿದ್ದೆ. ಕಾರಣ ಕೇಳಿರಲಿಲ್ಲ.

1983ರ ಮಳೆ ಮುಗಿದ ಮೇಲೆ ಚೇಟ್ಟ ಮೆಟ್ಟಿಲಿಗೆ ಬಂದರು. ಎರಡು ಊರುಗೋಲು ಹೋಗಿ ಒಂದು ಕೋಲು ಉಳಿದಿತ್ತು. ಮೊದಲ ವಾರ ಮೂರು ಮೆಟ್ಟಿಲು ಇಳಿದು ಮೂರು ಹತ್ತಿದರು. ಹೋಟೆಲಿನಲ್ಲಿ ಉಣ್ಣುವವರೆಲ್ಲ ಹಿಂದಿನ ಅಂಗಳಕ್ಕೆ ಹೋಗಿ ಕತ್ತೆತ್ತಿ ನೋಡತೊಡಗಿದರು. ನವೆಂಬರಿನಲ್ಲಿ ಹದಿನಾಲ್ಕನೆಯ ಮೆಟ್ಟಿಲು. ಡಿಸೆಂಬರಿನಲ್ಲಿ ಇಪ್ಪತ್ತೊಂದು. ಕ್ರಿಸ್‌ಮಸ್ಸಿಗೆ ಇಪ್ಪತ್ತೊಂದರಲ್ಲೇ ನಿಂತರು. ಅಲ್ಲಿ ಒಂದು ತಿರುವು, ಒಂದು ಎತ್ತರದ ಮೆಟ್ಟಿಲು.

ಕೋಲು ಹಿಡಿದು ಬಂದರೆ ಹರಕೆ ತೀರಿದ ಹಾಗೆಯೋ ಅಲ್ಲವೋ ಎಂಬ ಚರ್ಚೆ ಅದೇ ಕ್ರಿಸ್‌ಮಸ್ಸಿನಲ್ಲಿ ಎದ್ದಿತು.

“ಕೋಲು ಯಾರ ಕೈಯೂ ಅಲ್ಲ” ಎಂದರು ಗೌಡರು. “ಹರಕೆಯಲ್ಲಿ ಕೈ ಹಿಡಿಯಬಾರದು ಅಂತ ಉಂಟು. ಕೋಲು ಬೇಡ ಅಂತ ಇಲ್ಲ.”

“ತನ್ನ ಕಾಲಲ್ಲಿ ಅಂತಲೂ ಉಂಟಲ್ಲ ಗೌಡ್ರೆ” ಎಂದರು ಒಬ್ಬರು.

ಡ್ರೈವರು ಬೆರಳು ನೆಕ್ಕುತ್ತ, “ಬಸ್ಸನ್ನು ಹತ್ತು ಜನ ತಳ್ಳಿ ಸ್ಟಾರ್ಟ್ ಮಾಡಿದ್ರೂ ಪುತ್ತೂರು ಮುಟ್ಟಿದ್ರೆ ಅದು ಟ್ರಿಪ್ಪೇ” ಎಂದರು.

“ನಿಮ್ಮ ಬಸ್ಸು ಮುಟ್ಟಿದ ದಿನ ಹೇಳಿ.”

ನಗುವಿನ ನಡುವೆ ಚೇಡತ್ತಿ ಮಜ್ಜಿಗೆಯ ಪಾತ್ರೆ ಹಿಡಿದು ಬಂದರು. “ಮಾತು ಕೊಟ್ಟದ್ದು ಬೆಂಚಿನವರಿಗಲ್ಲ” ಎಂದರು. “ಮಜ್ಜಿಗೆ ಯಾರಿಗೆ?”

1984ರಲ್ಲಿ ಈಸ್ಟರಿಗೆ ಮೊದಲಿನ ದೊಡ್ಡ ನೋಂಬು ಎಂದಿನಂತೆ ಬಂತು. ಐವತ್ತು ದಿನ ಚೇಡತ್ತಿ ಹೋಟೆಲಿನಲ್ಲಿ ಮಾಂಸ ಮಾಡುತ್ತಿರಲಿಲ್ಲ. ಗಂಜಿ, ಮರಗೆಣಸು, ಹೆಸರುಕಾಳಿನ ಪಲ್ಯ ಇರುತ್ತಿತ್ತು. ನಾವು ಯಾರೂ ಹೋಗುತ್ತಿರಲಿಲ್ಲ. ನಮ್ಮ ಪ್ರೀತಿ ಹೋಟೆಲಿನ ಮೇಲೋ ಹಂದಿಯ ಮೇಲೋ ಎಂಬುದು ಆ ಐವತ್ತು ದಿನಗಳಲ್ಲಿ ಗೊತ್ತಾಗುತ್ತಿತ್ತು. ಹಿಂದಿನ ಅಂಗಳದಲ್ಲಿ ಕತ್ತೆತ್ತಿ ನೋಡಲು ಯಾರೂ ಇರಲಿಲ್ಲ. ಚೇಟ್ಟ ಅಷ್ಟೂ ದಿನ, ಬೆಳಿಗ್ಗೆ ಚೇಡತ್ತಿ ಕೆಳಗೆ ಒಲೆ ಹಚ್ಚುವ ಹೊತ್ತಿನಲ್ಲಿ, ಮೆಟ್ಟಿಲಿನಲ್ಲಿ ಅಭ್ಯಾಸ ಮಾಡಿದ್ದರು. ಇದು ಅವರೇ ಆಮೇಲೆ ನನಗೆ ಹೇಳಿದ್ದು.

ಏಪ್ರಿಲ್ 22, ಈಸ್ಟರ್ ಭಾನುವಾರ. ಇಗರ್ಜಿಯ ಪೂಜೆ ಮುಗಿದು ಜನ ಬಂದಿದ್ದರು. ಐವತ್ತು ದಿನದ ನಂತರದ ಮೊದಲ ಉರುಳಿ ಒಲೆಯ ಮೇಲಿತ್ತು. ನಾನು ಬಾಯಿ ಮುಕ್ಕಳಿಸಿ ಒಳಗೆ ಬಂದು, ನೆಕ್ಕಿ, ಹತ್ತು ಎಣಿಸಿ, “ಸರಿ” ಎಂದೆ. ಚೇಡತ್ತಿ ಹುರಿದ ತೆಂಗಿನ ಚೂರು ಹಾಕುತ್ತಿದ್ದಾಗ ಹೊರಗೆ ಗೌಡರ ದನಿ ಕೇಳಿತು.

“ಚೇಡತ್ತೀ, ಬೇಗ ಬನ್ನಿ! ನಿಮ್ಮವರು ನಲುವತ್ತರಲ್ಲಿ ಇದ್ದಾರೆ!”

ಚೇಡತ್ತಿ ಚಾವಡಿಯ ಬಾಗಿಲಿಗೆ ಬಂದರು. ಕೈಯಲ್ಲಿ ಸೌಟು ಹಾಗೇ ಇತ್ತು. ಚೇಟ್ಟ ಬಿಳಿ ಮುಂಡು, ಬಿಳಿ ಅಂಗಿ ಹಾಕಿ, ಬಲಗೈಯಲ್ಲಿ ಕೋಲು ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು. ಪ್ರತಿ ಮೆಟ್ಟಿಲಿಗೂ ಮೊದಲು ಕೋಲು, ಆಮೇಲೆ ಎಡಗಾಲು, ಆಮೇಲೆ ಬಲಗಾಲು. ಅಂಗಳದಲ್ಲಿ ಮೂವತ್ತಕ್ಕಿಂತ ಹೆಚ್ಚು ಮಂದಿ ಇದ್ದರು. ಯಾರೂ ಎಣಿಸುವುದನ್ನು ದೊಡ್ಡ ದನಿಯಲ್ಲಿ ಮಾಡಲಿಲ್ಲ, ಆದರೆ ತುಟಿಗಳು ಅಲ್ಲಾಡುತ್ತಿದ್ದವು. ಐವತ್ತೆಂಟನೆಯದು ಇಳಿದು ಅವರು ನಿಂತರು. ಉಸಿರು ಬಿಟ್ಟರು. ಹತ್ತಿರ ಇದ್ದವರು ಗೌಡರು. ಕೋಲನ್ನು ಅವರ ಕೈಗೆ ಕೊಟ್ಟರು.

“ಇದನ್ನು ಹಿಡಿಯಿರಿ ಗೌಡ್ರೆ. ಬೆಂಚಿನ ಮೇಲೆ ಇದರದ್ದೇ ಜಗಳ ಅಂತ ಕೇಳಿದೆ.”

ಮೆಟ್ಟಿಲಿನ ಬುಡದಿಂದ ಒಲೆಗೆ ಹನ್ನೊಂದು ಹೆಜ್ಜೆ. ನನ್ನ ಹೆಜ್ಜೆಯಲ್ಲಿ. ಅವರಿಗೆ ಇಪ್ಪತ್ತಾರು ಆಯಿತು. ಆರನೆಯ ಹೆಜ್ಜೆಗೆ ವಾಲಿದರು. ಗೌಡರು ಎರಡೂ ಕೈ ಚಾಚಿದರು.

“ಮುಟ್ಟಬೇಡಿ!” ಎಂದರು ಚೇಡತ್ತಿ. ಅಷ್ಟು ಜೋರಾಗಿ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಗೌಡರ ಕೈ ಗಾಳಿಯಲ್ಲೇ ನಿಂತಿತು. ಚೇಟ್ಟ ಸರಿಯಾಗಿ ನಿಂತುಕೊಂಡರು. ಮುಂದೆ ನಡೆದರು. ಹೊಸ್ತಿಲು ದಾಟುವಾಗ ಬಾಗಿಲ ಚೌಕಟ್ಟಿನ ಕಡೆ ಕೈ ಹೋಯಿತು. ಅದನ್ನೂ ಮುಟ್ಟದೆ ಹಿಂದಕ್ಕೆ ತೆಗೆದರು. ಒಲೆಯ ಹತ್ತಿರ ಬಂದು ನಿಂತರು.

ಚೇಡತ್ತಿ ಗಂಡನನ್ನು ನೋಡಲಿಲ್ಲ. ನನ್ನ ಕಡೆ ತಿರುಗಿದರು.

“ಪೇಪರಿನವರೆ, ನೀವು ನೋಡಿದ್ರಾ?”

“ನೋಡಿದೆ.”

“ಇದ್ದದ್ದು ಇದ್ದ ಹಾಗೆ ಹೇಳಿ.”

“ಮೆಟ್ಟಿಲಿನಲ್ಲಿ ಕೋಲು ಇತ್ತು. ಅಂಗಳದಲ್ಲಿ ಇರಲಿಲ್ಲ. ಯಾರೂ ಹಿಡಿಯಲಿಲ್ಲ. 
ಬಾಗಿಲನ್ನೂ ಮುಟ್ಟಲಿಲ್ಲ.”

ಉರುಳಿಯ ಸದ್ದು ಬದಲಾಗುತ್ತಿತ್ತು. ಆ ದಿನ ಅದು ಚೇಡತ್ತಿಯ ಕಿವಿಗೆ ಬೀಳಲಿಲ್ಲ. ಚೇಟ್ಟ ಬಗ್ಗಿ ಎರಡು ಕೊಳ್ಳಿ ಹಿಂದಕ್ಕೆ ಎಳೆದರು, ಎಂಟು ವರ್ಷ ಅಲ್ಲೇ ನಿಂತಿದ್ದವರ ಹಾಗೆ. ಆಮೇಲೆ ಹೆಂಡತಿಯ ಕೈಯಿಂದ ಸೌಟು ತೆಗೆದುಕೊಂಡರು. ಚೇಡತ್ತಿ ಸೀರೆಯ ಸೆರಗಿಗೆ ಎಡ ಅಂಗೈ ಒರೆಸಿ ಮುಂದೆ ಚಾಚಿದರು. ಚೇಟ್ಟ ಹನಿ ಬಿಡಲಿಲ್ಲ. ತೊಗಲು ಕೊಬ್ಬು ಮಾಂಸ ಮೂರೂ ಇದ್ದ ಒಂದು ತುಂಡನ್ನೇ ಊದಿ ಊದಿ ಆರಿಸಿ ಇಟ್ಟರು.

ಚೇಡತ್ತಿ ತಿಂದರು. ಬಾಗಿಲಲ್ಲಿ ಮೂವತ್ತು ಮುಖಗಳಿದ್ದವು. ಅವರು ನಿಧಾನವಾಗಿ ಅಗಿದರು, ನುಂಗಿದರು. ಕಣ್ಣಲ್ಲಿ ನೀರು ಬಂದಿತ್ತು, ಹೊಗೆಯೂ ಇತ್ತು. ಆಮೇಲೆ ನನ್ನ ಕಡೆ ತಿರುಗಿದರು.

“ಇದಕ್ಕೆ ನೀವು ಸರಿ ಅಂದದ್ದಾ?”

“ಹೌದು.”

“ಇಷ್ಟು ವರ್ಷವೂ ಇದೇನಾ ಸರಿ?”

“ಹೌದು.”

“ಏಳು ವರ್ಷ ಜನರಿಗೆ ಉಪ್ಪಿಲ್ಲದ ಹಂದಿ ತಿನ್ನಿಸಿದ್ರಲ್ಲ ಮಾರಾಯ್ರೆ ನೀವು!”

ಚೇಟ್ಟ ಒಲೆಯ ಕಟ್ಟೆ ಹಿಡಿದು ನಕ್ಕರು. ಈಗ ಹಿಡಿಯಬಹುದಿತ್ತು. “ನಾನು ಎಂತ ಹೇಳಿ ಕಳಿಸ್ತಿದ್ದದ್ದು?” ಎಂದರು.

ನಾನು ಗೌಡರನ್ನು, ಡ್ರೈವರನ್ನು ಅಲ್ಲೇ ಕೇಳಿದೆ. ನಿಮಗೆ ಗೊತ್ತಿತ್ತೇ ಎಂದು.

“ಗೊತ್ತಿಲ್ಲದೆ ಎಂತ?” ಎಂದರು ಗೌಡರು. “ಆದ್ರೆ ಮೂರು ಗೆರಟೆ ಹಾಕಿಸಿದ ನಾಲಿಗೆ ನನ್ನದು. ಯಾವ ಮುಖದಲ್ಲಿ ಹೇಳುದು?”

ಡ್ರೈವರು, “ನಾನೂ ಅದೇ ಪಾರ್ಟಿ” ಎಂದರು.

ಚೇಟ್ಟ ಅರ್ಧ ಗೆರಟೆ ಉಪ್ಪುನೀರು ಹಾಕಿ ತಿರುವಿದರು. ಚೇಡತ್ತಿ ಮತ್ತೊಂದು ತುಂಡು ತಿಂದು ತಲೆಯಾಡಿಸಿದರು. ಅವತ್ತು ಎಲ್ಲರಿಗೂ ಬಡಿಸಿದ ಮೇಲೆ ಗಂಡಹೆಂಡತಿ ಉದ್ದನೆಯ ಮೇಜಿನಲ್ಲಿ ಎದುರುಬದುರು ಕುಳಿತು ಉಂಡರು. ಬೆಂಚಿನಲ್ಲಿ ನನ್ನ ಪಕ್ಕಕ್ಕೆ ಚೇಡತ್ತಿ. ಗಂಡನ ತಟ್ಟೆಯಿಂದ ಅವರು ತೊಗಲಿನ ಒಂದು ತುಂಡು ತೆಗೆದದ್ದನ್ನು ನಾನು ಕಂಡೆ. ಚೇಟ್ಟ ಆಗ ಬಾವಿಯ ಕಡೆ ನೋಡುತ್ತಿದ್ದರು.

ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಮರುದಿನ ತಿದ್ದುಪಡಿ ಹಾಕುವುದು ನಿಯಮ. ಇದಕ್ಕೆ ನಾನು ಎಲ್ಲಿಯೂ ಹಾಕಿರಲಿಲ್ಲ. ಇಲ್ಲಿ ಹಾಕಿದ್ದೇನೆ: 1977ರ ಜನವರಿಯಿಂದ 1984ರ ಏಪ್ರಿಲಿನವರೆಗೆ ಸದರಿ ಹೋಟೆಲಿನ ಮಾಂಸಕ್ಕೆ ಉಪ್ಪು ಕಡಿಮೆಯಿತ್ತು. ತಪ್ಪು ನೋಡಿದವನದ್ದು.

ಮರುವಾರದಿಂದ ಚೇಟ್ಟ ಬೆಳಿಗ್ಗೆ ಕೋಲಿನೊಂದಿಗೆ ಇಳಿದು, ಒಲೆಯ ಪಕ್ಕದ ಎತ್ತರದ ಸ್ಟೂಲಿನಲ್ಲಿ ಕುಳಿತು ಅಡುಗೆ ಮಾಡತೊಡಗಿದರು. ಉಪ್ಪು ನೋಡುವುದು ಚೇಡತ್ತಿಯ ಕೆಲಸವಾಯಿತು. ನನಗೆ ಮುಕ್ಕಳಿಸಲು ಬಿಸಿನೀರು ಕೊಡುವುದನ್ನು ನಿಲ್ಲಿಸಿದರು.

1988ರ ಮೇ ತಿಂಗಳಲ್ಲಿ ನನಗೆ ಮಂಗಳೂರಿನ ಕಚೇರಿಗೆ ವರ್ಗವಾಯಿತು. ಹೊರಡುವ ಮೊದಲಿನ ಭಾನುವಾರ ಬಸ್ಸಿನಲ್ಲಿ ಹೋಗಿ ಉಂಡು ಬಂದೆ. ಚೇಟ್ಟ ಒಲೆಯ ಹತ್ತಿರ ಇದ್ದರು. ಚೇಡತ್ತಿ ಬಡಿಸಿದರು. ಮೇಜಿನ ಮೇಲೆ ನಿಂಬೆ ಉಪ್ಪಿನಕಾಯಿಯ ಭರಣಿ ಇತ್ತು. ಉಪ್ಪಿನ ಬಟ್ಟಲು ಇರಲಿಲ್ಲ.